ವಾಳೂಜ್‌ನಲ್ಲಿ ಮೀಸಲಾತಿಯ ಲೆಕ್ಕ

ಮರಾಠಾ ಸಮುದಾಯಕ್ಕೆ ಮೀಸಲಾತಿ ಬೇಕೆಂದು 2018ರ ಆಗಸ್ಟ್ 9ರಂದು ಮಹಾರಾಷ್ಟ್ರ ಬಂದ್ ನಡೆದಾಗ ಹೆಚ್ಚು ಪೆಟ್ಟು ತಿಂದ ಜಾಗಗಳಲ್ಲಿ ವಾಳೂಜ್ ಒಂದು. ಆಗಿನ ಔರಂಗಾಬಾದ್, ಈಗಿನ ಛತ್ರಪತಿ ಸಂಭಾಜಿನಗರದಿಂದ ಪುಣೆಗೆ ಹೋಗುವ ಹೆದ್ದಾರಿಯ ಪಕ್ಕದ ಈ ಕೈಗಾರಿಕಾ ಪ್ರದೇಶದಲ್ಲಿ ಗುಂಪುಗಳು ಕಾರ್ಖಾನೆಗಳ ಗೇಟು ಮುರಿದು ಒಳನುಗ್ಗಿದವು. ಹತ್ತಾರು ಘಟಕಗಳ ಗಾಜು ಪುಡಿಯಾಯಿತು, ವಾಹನಗಳು ಸುಟ್ಟವು. ಈ ಹಿಂಸೆಗೂ ತಮಗೂ ಸಂಬಂಧವಿಲ್ಲವೆಂದು ಚಳವಳಿಯ ಮುಂದಾಳುಗಳು ಹೇಳಿದರು. ಅದಕ್ಕಿಂತ ಸುಮಾರು ಎರಡು ವಾರ ಮುಂಚೆ, ಜುಲೈ 23ರಂದು, ವಾಳೂಜ್ ಇರುವ ಗಂಗಾಪುರ ತಾಲ್ಲೂಕಿನ ಕಾಯಗಾಂವ್ ಟೋಕಾದಲ್ಲಿ ಚಳವಳಿಯ ಯುವಕನೊಬ್ಬ ಸೇತುವೆಯಿಂದ ಗೋದಾವರಿಗೆ ಹಾರಿ ಪ್ರಾಣ ಬಿಟ್ಟಿದ್ದ.

ಸಿಟ್ಟು ತೀರಿಸಿಕೊಂಡದ್ದು ಕಾರ್ಖಾನೆಗಳ ಮೇಲೆ. ಆದರೆ ಆ ಕಾರ್ಖಾನೆಗಳಲ್ಲಿ ಮೀಸಲಾತಿ ಎಂಬುದೇ ಇಲ್ಲ. ಸಂವಿಧಾನದ 15 ಮತ್ತು 16ನೇ ವಿಧಿಗಳಡಿ ಸಿಗುವ ಮೀಸಲಾತಿ ಶಿಕ್ಷಣಕ್ಕೂ ಸರ್ಕಾರಿ ನೌಕರಿಗೂ ಸಂಬಂಧಿಸಿದ್ದು. ಬೈಕು, ಬಿಡಿಭಾಗ, ಔಷಧಿ, ಬಿಯರು ತಯಾರಿಸುವ ಖಾಸಗಿ ಕಂಪನಿಗಳಿಗೆ ಅದು ಅನ್ವಯಿಸದು. ನಾಳೆ ಬೆಳಿಗ್ಗೆಯೇ ಮರಾಠರಿಗೆ ಕೇಳಿದಷ್ಟು ಮೀಸಲಾತಿ ಸಿಕ್ಕರೂ ವಾಳೂಜ್‌ನ ಒಂದು ಹುದ್ದೆಯೂ ಅದರಿಂದ ಕದಲುವುದಿಲ್ಲ. ಸರ್ಕಾರದ ಕೈಲಿರುವುದು ಎಣಿಕೆಯ ಹುದ್ದೆಗಳು. ದುಡಿಯುವ ವಯಸ್ಸಿನವರು ಬದುಕು ಕಟ್ಟಿಕೊಳ್ಳಬೇಕಾದದ್ದು ಕಾರ್ಖಾನೆಯ ಒಳಗೆ. ಈ ಎರಡರ ನಡುವಿನ ಅಂತರವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮೀಸಲಾತಿಯ ಜಗಳದಲ್ಲಿ ಯಾರು ಏನು ಕೇಳುತ್ತಿದ್ದಾರೆ, ಯಾರಿಗೆ ಏನು ಅನ್ಯಾಯವಾಗುತ್ತಿದೆ ಎಂಬುದು ಸ್ವಲ್ಪ ಸ್ಪಷ್ಟವಾಗುತ್ತದೆ.

ವಾಳೂಜ್ ಕೈಗಾರಿಕೆಯ ಊರಾದದ್ದು 1980ರ ದಶಕದಲ್ಲಿ. ಬಜಾಜ್ ಆಟೊ 1985ರಲ್ಲಿ ಇಲ್ಲಿ ಕಾರ್ಖಾನೆ ತೆರೆಯಿತು. ಅದರ ಬೆನ್ನಿಗೆ ಬಿಡಿಭಾಗ ಪೂರೈಸುವ ನೂರಾರು ಸಣ್ಣ ಘಟಕಗಳು ಬಂದವು. ಜೋಗೇಶ್ವರಿ, ರಾಂಜಣಗಾಂವ್ ಶೇಣಪುಂಜಿಯಂಥ ಹಳ್ಳಿಗಳ ಹೊಲಗಳು ಪ್ಲಾಟುಗಳಾದವು, ಬಜಾಜ್‌ನಗರ ಎಂಬ ಬಡಾವಣೆಯೇ ಎದ್ದಿತು. ಪೈಠಣದ ಜಾಯಕವಾಡಿ ಜಲಾಶಯದ ನೀರು ಕೊಳವೆಯಲ್ಲಿ ಕಾರ್ಖಾನೆಗಳಿಗೆ ಹರಿಯಿತು. ಸುತ್ತಲಿನ ಮರಾಠವಾಡದ ಹೊಲಗಳು ಮಾತ್ರ ಬಹುಪಾಲು ಮಳೆಯನ್ನೇ ನೆಚ್ಚಿದವು. ಹತ್ತಿ, ಸೋಯಾ, ತೊಗರಿ ಬೆಳೆಯುವ ಆ ನೆಲ ತಲೆಮಾರಿನಿಂದ ತಲೆಮಾರಿಗೆ ಅಣ್ಣತಮ್ಮಂದಿರಲ್ಲಿ ಪಾಲಾಗುತ್ತ ಎರಡು ಮೂರು ಎಕರೆಗೆ ಇಳಿಯಿತು. ಊರಿನ ಗೌಡಿಕೆ ಮಾಡಿದ ಮನೆತನದ ಹುಡುಗ ಗುತ್ತಿಗೆದಾರನ ಪಟ್ಟಿಯಲ್ಲಿ ಹೆಸರು ಬರೆಸಿ, ಪಾಳಿಯ ಲೆಕ್ಕದಲ್ಲಿ ಕೂಲಿ ಪಡೆಯುವ ಕಾಲ ಬಂತು. ಒಂದು ಕಾಲಕ್ಕೆ ಮೀಸಲಾತಿ ಎಂದರೆ ಮೂಗು ಮುರಿಯುತ್ತಿದ್ದ ಸಮುದಾಯ ಅದನ್ನೇ ಕೇಳಿ ಬೀದಿಗಿಳಿಯಲು ಈ ಇಳಿಜಾರೇ ದೊಡ್ಡ ಕಾರಣ.

ಬೀದಿಗಿಳಿದ ರೀತಿಯೂ ವಿಶಿಷ್ಟವಾಗಿತ್ತು. ಆಗಿನ ಅಹಮದ್‌ನಗರ ಜಿಲ್ಲೆಯ ಕೋಪರ್ಡಿಯಲ್ಲಿ 2016ರ ಜುಲೈನಲ್ಲಿ ಬಾಲಕಿಯೊಬ್ಬಳ ಮೇಲೆ ನಡೆದ ಅತ್ಯಾಚಾರ ಮತ್ತು ಕೊಲೆಯ ನಂತರ ಮರಾಠಾ ಕ್ರಾಂತಿ ಮೋರ್ಚಾ ಹುಟ್ಟಿತು. ಅದರ ಮೊದಲ ಮೆರವಣಿಗೆ ನಡೆದದ್ದು ಔರಂಗಾಬಾದ್‌ನಲ್ಲೇ, 2016ರ ಆಗಸ್ಟ್ 9ರಂದು. ಘೋಷಣೆಯಿಲ್ಲ, ಭಾಷಣವಿಲ್ಲ, ಲಕ್ಷಾಂತರ ಜನ ಬಾಯಿ ಮುಚ್ಚಿ ನಡೆದರು. ಅಪರಾಧಿಗಳಿಗೆ ಶಿಕ್ಷೆಯ ಜೊತೆ ಮೀಸಲಾತಿಯನ್ನೂ ಕೇಳಿದರು, ದಲಿತ ದೌರ್ಜನ್ಯ ತಡೆ ಕಾಯ್ದೆಯ ತಿದ್ದುಪಡಿಯನ್ನೂ ಕೇಳಿದರು. ಆ ಕೊನೆಯ ಬೇಡಿಕೆ ಊರಿನ ಇನ್ನೊಂದು ಅರ್ಧಕ್ಕೆ ಬೇರೆಯೇ ರೀತಿ ಕೇಳಿಸಿತು. ಆ ಮಾತು ಮುಂದೆ ಬರುತ್ತದೆ.

ಮಹಾರಾಷ್ಟ್ರದಲ್ಲಿ ಹಂಚಿಕೆಯ ಲೆಕ್ಕ ಹೀಗಿದೆ: ಪರಿಶಿಷ್ಟ ಜಾತಿಗೆ ಶೇ 13, ಪರಿಶಿಷ್ಟ ಪಂಗಡಕ್ಕೆ 7, ಇತರ ಹಿಂದುಳಿದ ವರ್ಗಕ್ಕೆ 19, ವಿಮುಕ್ತ ಮತ್ತು ಅಲೆಮಾರಿ ಬುಡಕಟ್ಟುಗಳ ನಾಲ್ಕು ಗುಂಪಿಗೆ ಒಟ್ಟು 11, ವಿಶೇಷ ಹಿಂದುಳಿದ ವರ್ಗಕ್ಕೆ 2. ಕೂಡಿದರೆ 52. ಅದರ ಮೇಲೆ 2019ರಿಂದ ಆರ್ಥಿಕವಾಗಿ ದುರ್ಬಲರಿಗೆ 10, 2024ರಿಂದ ಮರಾಠರಿಗೆ 10. ಒಟ್ಟು 72.

ಈ 72ರ ಎದುರಿಗೆ ಗೋಡೆಯಂತೆ ನಿಂತಿರುವುದು 50 ಎಂಬ ಸಂಖ್ಯೆ. ಈ ಗೋಡೆಯ ಅಡಿಪಾಯ ಬಿದ್ದದ್ದು ಮೈಸೂರು ರಾಜ್ಯದಲ್ಲಿ ಎಂಬುದು ಕನ್ನಡದ ಓದುಗರಿಗೆ ಸ್ವಾರಸ್ಯದ ಸಂಗತಿ. ನಾಗನಗೌಡ ಸಮಿತಿಯ ವರದಿಯ ಆಧಾರದ ಮೇಲೆ 1962ರ ಜುಲೈ 31ರಂದು ಮೈಸೂರು ಸರ್ಕಾರ ವೈದ್ಯಕೀಯ ಮತ್ತು ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಹಿಂದುಳಿದವರಿಗೆ 28, ಹೆಚ್ಚು ಹಿಂದುಳಿದವರಿಗೆ 22, ಪರಿಶಿಷ್ಟ ಜಾತಿಗೆ 15, ಪರಿಶಿಷ್ಟ ಪಂಗಡಕ್ಕೆ 3, ಹೀಗೆ ಶೇ 68ರಷ್ಟು ಸೀಟು ಮೀಸಲಿಟ್ಟಿತು. ಹೈಸ್ಕೂಲಿನ ಕೊನೆಯ ಮೂರು ತರಗತಿಗಳಲ್ಲಿ ಪ್ರತಿ ಜಾತಿಯ ಸಾವಿರ ಜನಕ್ಕೆ ಎಷ್ಟು ವಿದ್ಯಾರ್ಥಿಗಳಿದ್ದಾರೆ ಎಂಬುದೇ ಹಿಂದುಳಿದಿರುವಿಕೆಯ ಅಳತೆ. ರಾಜ್ಯದ ಸರಾಸರಿ 6.9. ಎಂ.ಆರ್. ಬಾಲಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಆದೇಶವನ್ನು ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ರದ್ದು ಮಾಡಿತು. ಸರಾಸರಿಯ ಆಸುಪಾಸಿನಲ್ಲಿ ಇರುವವರನ್ನೆಲ್ಲ ಹಿಂದುಳಿದವರೆಂದು ಕರೆಯಲಾಗದು, ಅದಕ್ಕಿಂತ ಬಹಳ ಕೆಳಗಿರಬೇಕು ಎಂದಿತು. ಬರೀ ಜಾತಿಯೊಂದನ್ನೇ ಅಳತೆಗೋಲು ಮಾಡಬಾರದು ಎಂದಿತು. ಸ್ಥೂಲವಾಗಿ ಹೇಳುವುದಾದರೆ ಮೀಸಲಾತಿ ಅರ್ಧದೊಳಗೆ ಇರಬೇಕು ಎಂದಿತು. ಆ ತೀರ್ಪು ಬರೆದವರು ನ್ಯಾಯಮೂರ್ತಿ ಪಿ.ಬಿ. ಗಜೇಂದ್ರಗಡ್ಕರ್. ಸಾತಾರೆಯಲ್ಲಿ ಹುಟ್ಟಿದ ಮರಾಠಿ ಮನೆಯವರು, ಹೆಸರಲ್ಲಿ ಹೊತ್ತದ್ದು ಈಗಿನ ಗದಗ ಜಿಲ್ಲೆಯ ಗಜೇಂದ್ರಗಡವನ್ನು.

ಅರ್ಧವೇ ಏಕೆ, ನಲವತ್ತೈದೋ ಅರವತ್ತೋ ಏಕಾಗಬಾರದು ಎಂಬುದಕ್ಕೆ ಆ ತೀರ್ಪಿನಲ್ಲಿ ಲೆಕ್ಕಾಚಾರವಿಲ್ಲ. ಸಾಮಾನ್ಯ ವಿವೇಕದ ಮಾತಾಗಿ ಬಂದದ್ದು 1992ರ ನವೆಂಬರ್ 16ರಂದು ಇಂದ್ರಾ ಸಾಹ್ನಿ ಪ್ರಕರಣದಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠದ ಬಾಯಲ್ಲಿ ಕಟ್ಟುನಿಟ್ಟಿನ ನಿಯಮವಾಯಿತು. ಅಸಾಧಾರಣ ಸಂದರ್ಭಕ್ಕಷ್ಟೇ ಸಣ್ಣ ಕಿಂಡಿ ಉಳಿಯಿತು. ತಮಿಳುನಾಡು ತನ್ನ ಶೇ 69ನ್ನು 1994ರಲ್ಲಿ ಸಂವಿಧಾನದ ಒಂಬತ್ತನೇ ಅನುಸೂಚಿಗೆ ಸೇರಿಸಿ ಕಾಪಾಡಿಕೊಂಡಿತು. ಕರ್ನಾಟಕ ಅದೇ ವರ್ಷ 73ಕ್ಕೆ ಏರಿಸಲು ಹೋಗಿ ಸುಪ್ರೀಂ ಕೋರ್ಟಿನ ಮಧ್ಯಂತರ ಆದೇಶದಿಂದ 50ಕ್ಕೆ ಮರಳಿತು.

ಮಹಾರಾಷ್ಟ್ರದ ಪಯಣ ಇನ್ನೂ ಉದ್ದದ್ದು. 2014ರ ಜುಲೈನಲ್ಲಿ ಮರಾಠರಿಗೆ 16, ಮುಸ್ಲಿಮರಿಗೆ 5 ಕೊಡುವ ಸುಗ್ರೀವಾಜ್ಞೆ ಬಂತು. ನವೆಂಬರ್‌ನಲ್ಲಿ ಬಾಂಬೆ ಹೈಕೋರ್ಟ್ ಮರಾಠಾ ಪಾಲಿಗೆ ತಡೆ ಕೊಟ್ಟಿತು. ರಾಜ್ಯದ ಹಿಂದುಳಿದ ವರ್ಗಗಳ ಗಾಯಕವಾಡ ಆಯೋಗದ ವರದಿ ಹಿಡಿದು 2018ರ ನವೆಂಬರ್‌ನಲ್ಲಿ ವಿಧಾನಮಂಡಲ ಮತ್ತೆ 16ರ ಕಾಯ್ದೆ ಮಾಡಿತು. 2019ರ ಜೂನ್ 27ರಂದು ಹೈಕೋರ್ಟ್ ಅದನ್ನು ಶಿಕ್ಷಣದಲ್ಲಿ 12ಕ್ಕೂ ನೌಕರಿಯಲ್ಲಿ 13ಕ್ಕೂ ಇಳಿಸಿ ಒಪ್ಪಿತು. 2021ರ ಮೇ 5ರಂದು ಸುಪ್ರೀಂ ಕೋರ್ಟಿನ ಐವರ ಪೀಠ ಇಡೀ ಕಾಯ್ದೆಯನ್ನು ತಳ್ಳಿಹಾಕಿತು. ಅಸಾಧಾರಣ ಸಂದರ್ಭವೇನೂ ಕಾಣುವುದಿಲ್ಲ ಎಂದು ಹೇಳುವಾಗ ಕೋರ್ಟು ಆಯೋಗದ ಅಂಕಿಗಳನ್ನೇ ಎದುರಿಗಿಟ್ಟಿತು: ಮುಕ್ತ ವರ್ಗದಿಂದ ತುಂಬಿದ ರಾಜ್ಯ ಸರ್ಕಾರದ ಎ ದರ್ಜೆಯ ಹುದ್ದೆಗಳಲ್ಲಿ ಶೇ 33.23 ಮರಾಠರ ಪಾಲಾಗಿತ್ತು. ಜನಸಂಖ್ಯೆಯಲ್ಲಿ ಅವರ ಪಾಲು ಶೇ 30ರಷ್ಟೆಂದು ಆಯೋಗ ಅಂದಾಜಿಸಿತ್ತು. ರಾಜ್ಯದ ಮುಖ್ಯಮಂತ್ರಿಗಳಲ್ಲಿ ದೊಡ್ಡ ಪಾಲು ಇದೇ ಸಮುದಾಯದವರು. ಸಕ್ಕರೆ ಕಾರ್ಖಾನೆ, ಸಹಕಾರಿ ಬ್ಯಾಂಕು, ಶಿಕ್ಷಣ ಸಂಸ್ಥೆಗಳ ಆಡಳಿತದಲ್ಲೂ ಅವರದೇ ಮೇಲುಗೈ.

ಚಳವಳಿಗಾರರ ಉತ್ತರವನ್ನೂ ಕೇಳಬೇಕು. ಸಕ್ಕರೆ ಕಾರ್ಖಾನೆಯ ಅಧ್ಯಕ್ಷ ಮರಾಠನಾದರೆ ಅದರ ಗದ್ದೆಯಲ್ಲಿ ಕಬ್ಬು ಕಡಿಯುವವನಿಗೆ ಏನು ಬಂತು? ಸಮುದಾಯದ ಸರಾಸರಿ ಮೇಲಿದೆ ಎಂದ ಮಾತ್ರಕ್ಕೆ ಮರಾಠವಾಡದ ಒಣಬೇಸಾಯದ ರೈತ ಮೇಲಿದ್ದಾನೆ ಎಂದಾಗುವುದಿಲ್ಲ. ಕೊಲ್ಹಾಪುರದ ಶಾಹು ಮಹಾರಾಜರು 1902ರ ಜುಲೈ 26ರಂದು ತಮ್ಮ ಸಂಸ್ಥಾನದ ಖಾಲಿ ಹುದ್ದೆಗಳಲ್ಲಿ ಅರ್ಧವನ್ನು ಹಿಂದುಳಿದವರಿಗೆ ಮೀಸಲಿಟ್ಟಾಗ ಮರಾಠರೂ ಆ ಹಿಂದುಳಿದವರಲ್ಲೇ ಇದ್ದರು. ವಾದದಲ್ಲಿ ಹುರುಳಿದೆ. ಆದರೆ ಒಂದೇ ಸಮುದಾಯದೊಳಗಿನ ಸಿರಿತನ ಮತ್ತು ಬಡತನದ ಅಂತರಕ್ಕೆ ಇಡೀ ಸಮುದಾಯದ ಹೆಸರಲ್ಲಿ ಕೊಡುವ ಮೀಸಲಾತಿ ಮದ್ದಾಗುತ್ತದೆಯೇ ಎಂಬುದಕ್ಕೆ ಚಳವಳಿಯ ವೇದಿಕೆಯಿಂದ ಸರಿಯಾದ ಉತ್ತರ ಬಂದದ್ದು ಕಡಿಮೆ. ಕರ್ನಾಟಕದಲ್ಲಿ 2ಎಗಾಗಿ ಹೋರಾಡುತ್ತಿರುವ ಪಂಚಮಸಾಲಿಗಳಿಗೂ ಹೆಚ್ಚು ಕಡಿಮೆ ಇದೇ ಪ್ರಶ್ನೆ ಎದುರಾಗಿದೆ.

ಜಗತ್ತಿನ ಬೇರೆಡೆ ಈ ಬಗೆಯ ನೀತಿ ಸಾಮಾನ್ಯವಾಗಿ ಅಲ್ಪಸಂಖ್ಯಾತರ ಪರವಾಗಿ ಹುಟ್ಟಿದೆ. ಅಮೆರಿಕದಲ್ಲಿ ಕರಿಯರಿಗೆ ಕಾಲೇಜು ಪ್ರವೇಶದಲ್ಲಿ ಕೊಡುತ್ತಿದ್ದ ಆದ್ಯತೆಯನ್ನು ಅಲ್ಲಿನ ಸುಪ್ರೀಂ ಕೋರ್ಟ್ 2023ರ ಜೂನ್ 29ರಂದು ಹಾರ್ವರ್ಡ್ ಪ್ರಕರಣದಲ್ಲಿ ಬಹುಮಟ್ಟಿಗೆ ಕೊನೆಗಾಣಿಸಿತು. ಮಲೇಷ್ಯಾ ಮಾತ್ರ 1971ರಿಂದ ತನ್ನ ಬಹುಸಂಖ್ಯಾತ ಮಲಯರಿಗೇ ಆದ್ಯತೆ ಕೊಟ್ಟು ಬಂದಿದೆ. ಮರಾಠರ ಬೇಡಿಕೆಗೆ ಹೋಲಿಕೆ ಹುಡುಕುವುದಾದರೆ ಅದು ಅಮೆರಿಕಕ್ಕಿಂತ ಮಲೇಷ್ಯಾಕ್ಕೆ ಹತ್ತಿರ: ಸಂಖ್ಯೆ ಇದೆ, ಅಧಿಕಾರ ಇದೆ, ಕೈಯಲ್ಲಿ ಕಾಸಿಲ್ಲ ಎಂಬ ದೂರು.

ಗೋಡೆ ಹತ್ತಲಾಗದಿದ್ದಾಗ ಬಾಗಿಲು ಹುಡುಕುವ ಕೆಲಸ ಶುರುವಾಯಿತು. ಆ ಬಾಗಿಲ ಹೆಸರು ಕುಣಬಿ. ಬೇಸಾಯಗಾರ ಕುಣಬಿಗಳು ಮಹಾರಾಷ್ಟ್ರದ ಹಿಂದುಳಿದವರ ಪಟ್ಟಿಯಲ್ಲಿ ಮೊದಲಿಂದಲೂ ಇದ್ದಾರೆ. ವಿದರ್ಭದ ಬಹುಪಾಲು ರೈತ ಕುಟುಂಬಗಳ ಕೈಲಿ ಕುಣಬಿ ಪ್ರಮಾಣಪತ್ರವಿದೆ. ಮರಾಠವಾಡದವರಿಗೆ ಅದು ಸಿಗಲಿಲ್ಲ. ಕಾರಣ ಚರಿತ್ರೆಯಲ್ಲಿದೆ. ಔರಂಗಾಬಾದ್, ಬೀಡ್, ಪರಭಣಿ, ನಾಂದೇಡ್, ಉಸ್ಮಾನಾಬಾದ್ 1948ರ ಸೆಪ್ಟೆಂಬರ್ 17ರವರೆಗೆ ನಿಜಾಮನ ಆಳ್ವಿಕೆಯಲ್ಲಿದ್ದವು, ನಮ್ಮ ಬೀದರ್, ಗುಲ್ಬರ್ಗಾ, ರಾಯಚೂರುಗಳಂತೆಯೇ. ಹಳೆಯ ಕಂದಾಯ ಕಾಗದಗಳು ಉರ್ದುವಿನಲ್ಲೋ ಮೋಡಿ ಲಿಪಿಯಲ್ಲೋ ಇದ್ದವು. ಅಜ್ಜ ಕುಣಬಿ ಎಂದು ಯಾವುದೋ ರಿಜಿಸ್ಟರಿನಲ್ಲಿ ದಾಖಲಾಗಿದ್ದರೂ ಮೊಮ್ಮಗನಿಗೆ ಅದನ್ನು ಓದಲು ಬಾರದು.

ಜಾಲ್ನಾ ಜಿಲ್ಲೆಯ ಅಂತರವಾಲಿ ಸರಾಟಿಯಲ್ಲಿ ಮರಾಠಾ ಮೀಸಲಾತಿ ಹೋರಾಟಗಾರ ಮನೋಜ್ ಜರಾಂಗೆ ಪಾಟೀಲ್ 2023ರ ಆಗಸ್ಟ್ ಕೊನೆಗೆ ಉಪವಾಸ ಕೂತರು. ಸೆಪ್ಟೆಂಬರ್ 1ರಂದು ಪೊಲೀಸರು ಅಲ್ಲಿ ಲಾಠಿ ಬೀಸಿದ ಮೇಲೆ ಅದುವರೆಗೆ ಹೊರಗೆ ಯಾರಿಗೂ ಗೊತ್ತಿಲ್ಲದ ಆ ಹಳ್ಳಿ ರಾಜ್ಯದ ರಾಜಕೀಯದ ಕೇಂದ್ರವಾಯಿತು. ಸರ್ಕಾರ ನಿವೃತ್ತ ನ್ಯಾಯಮೂರ್ತಿ ಸಂದೀಪ್ ಶಿಂದೆ ಸಮಿತಿಯನ್ನು ನೇಮಿಸಿ ಹಳೆಯ ದಾಖಲೆ ಜಾಲಾಡಿಸಿತು. ಶಾಲೆಯ ದಾಖಲಾತಿ ಪುಸ್ತಕ, ಜನನ ಮರಣದ ನೋಂದಣಿ, ಗೇಣಿಯ ಕಾಗದ, ಹೀಗೆ ಸಿಕ್ಕಿದ್ದನ್ನೆಲ್ಲ ಬಿಚ್ಚಿ, ಮೋಡಿ ಬಲ್ಲವರನ್ನು ಕೂರಿಸಿ ಓದಿಸಿದರು. ರಾಜ್ಯದಾದ್ಯಂತ 50 ಲಕ್ಷಕ್ಕೂ ಹೆಚ್ಚು ಕುಣಬಿ ನಮೂದುಗಳು ಸಿಕ್ಕವು. ಇದರಲ್ಲಿ ಮರಾಠವಾಡದ ಪಾಲು ತೀರ ಸಣ್ಣದು.

ಜರಾಂಗೆ 2025ರ ಆಗಸ್ಟ್ 29ರಂದು ಮುಂಬೈಯ ಆಜಾದ್ ಮೈದಾನದಲ್ಲಿ ಮತ್ತೆ ಉಪವಾಸ ಹಿಡಿದಾಗ ಸೆಪ್ಟೆಂಬರ್ 2ರಂದು ಹೊಸ ಆದೇಶ ಹೊರಬಿತ್ತು. ಹಳೆಯ ಹೈದರಾಬಾದ್ ಸಂಸ್ಥಾನದ ಗೆಜೆಟಿಯರ್ ದಾಖಲೆಗಳನ್ನು ಆಧಾರವಾಗಿಟ್ಟು ಮರಾಠವಾಡದ ಅರ್ಹ ಮರಾಠರಿಗೆ ಕುಣಬಿ ಪ್ರಮಾಣಪತ್ರ ಕೊಡುವ ದಾರಿಯನ್ನು ಅದು ತೆರೆಯಿತು. ಹಳ್ಳಿಗೊಂದು ಸಮಿತಿ, ಅದರಲ್ಲಿ ಗ್ರಾಮ ಕಂದಾಯ ಅಧಿಕಾರಿ, ಗ್ರಾಮ ಪಂಚಾಯಿತಿ ಅಧಿಕಾರಿ, ಸಹಾಯಕ ಕೃಷಿ ಅಧಿಕಾರಿ ಈ ಮೂವರು. ಹೊಲದ ಕಾಗದ ಇಲ್ಲದವನು 1967ರ ಅಕ್ಟೋಬರ್ 13ಕ್ಕೆ ಮೊದಲು ತನ್ನ ಹಿರಿಯರು ಇದೇ ಪ್ರದೇಶದಲ್ಲಿ ವಾಸವಾಗಿದ್ದರೆಂದು ಅಫಿಡವಿಟ್ ಸಲ್ಲಿಸಬಹುದು. ಊರಿನಲ್ಲೋ ಕುಲದಲ್ಲೋ ಕುಣಬಿ ಪತ್ರ ಪಡೆದ ಸಂಬಂಧಿಯಿದ್ದರೆ ಆತ ಇವನು ನಮ್ಮವನೆಂದು ಬರೆದುಕೊಡಬಹುದು. ಸಮಿತಿ ವಂಶಾವಳಿ ವಿಚಾರಿಸಿ ತಾಲ್ಲೂಕು ಕಚೇರಿಗೆ ವರದಿ ಕಳಿಸುತ್ತದೆ.

ಅರ್ಜಿಯ ಈ ದಾರಿ ನೋಡಲು ಸರಳ. ಇದರ ಪರಿಣಾಮ ಯಾರ ಮೇಲೆ ಎಂದರೆ ಶೇ 19ರ ಪಾಲಿನಲ್ಲಿ ಈಗಾಗಲೇ ಇರುವ ಮಾಳಿಗಳ ಮತ್ತು ಸಣ್ಣಪುಟ್ಟ ಕುಶಲಕರ್ಮಿ ಜಾತಿಗಳ ಮೇಲೆ. ಪಂಕ್ತಿಯಲ್ಲಿ ಕೂತವರು ಹೆಚ್ಚಾಗಿ, ಮಾಡಿದ ಅಡುಗೆ ಅಷ್ಟೇ ಇದ್ದರೆ ಎಲೆಗೆ ಬೀಳುವುದು ಎಷ್ಟು ಎಂದು ಅವರು ಕೇಳುತ್ತಾರೆ. ಈ ವಿರೋಧಕ್ಕೆ ದನಿಯಾದವರು ನಾಶಿಕ್ ಜಿಲ್ಲೆಯ ಯೇವಲಾ ಕ್ಷೇತ್ರದ ಶಾಸಕ, ಮಾಳಿ ಸಮುದಾಯದ ಛಗನ್ ಭುಜಬಲ್. ಸ್ವತಃ ಸಚಿವರಾಗಿದ್ದೂ ತಮ್ಮದೇ ಸರ್ಕಾರದ ಆದೇಶವನ್ನು ಬಹಿರಂಗವಾಗಿ ವಿರೋಧಿಸಿದರು. ಅಂಬೇಡ್ಕರ್ ಅವರು 1935ರ ಅಕ್ಟೋಬರ್ 13ರಂದು, ಹಿಂದೂವಾಗಿ ಹುಟ್ಟಿದ್ದೇನೆ ಆದರೆ ಹಿಂದೂವಾಗಿ ಸಾಯುವುದಿಲ್ಲ ಎಂದು ಘೋಷಿಸಿದ್ದು ಇದೇ ಯೇವಲಾದಲ್ಲಿ. ಅದಕ್ಕೆ ಐದು ವರ್ಷ ಮೊದಲು, 1930ರ ಮಾರ್ಚ್‌ನಲ್ಲಿ, ನಾಶಿಕ್‌ನ ಕಾಳಾರಾಮ ದೇವಸ್ಥಾನದ ಪ್ರವೇಶಕ್ಕಾಗಿ ಸತ್ಯಾಗ್ರಹ ಆರಂಭವಾಗಿತ್ತು.

ಔರಂಗಾಬಾದ್ ಅಂಬೇಡ್ಕರ್ ಚಳವಳಿಯ ಮುಂದಿನ ನಿಲ್ದಾಣವಾಯಿತು. ಉನ್ನತ ಶಿಕ್ಷಣಕ್ಕೆ ಹೈದರಾಬಾದ್‌ವರೆಗೆ ಹೋಗಬೇಕಿದ್ದ ಮರಾಠವಾಡದಲ್ಲಿ ಅಂಬೇಡ್ಕರ್ ಅವರ ಪೀಪಲ್ಸ್ ಎಜುಕೇಷನ್ ಸೊಸೈಟಿ 1950ರಲ್ಲಿ ಕಾಲೇಜು ತೆರೆಯಿತು. ಮುಂದೆ ಮಿಲಿಂದ ಎಂಬ ಹೆಸರು ಪಡೆದ ಆ ಕಾಲೇಜಿನಿಂದ ಹಳ್ಳಿಗಾಡಿನ ದಲಿತರ ಮೊದಲ ಪದವೀಧರ ತಲೆಮಾರು, ಅವರೊಂದಿಗೆ ಮರಾಠಿ ದಲಿತ ಸಾಹಿತ್ಯದ ಹಲವು ಲೇಖಕರು ಹೊರಬಂದರು. ಮೀಸಲಾತಿಯ ಹುದ್ದೆಗಳಿಗೆ ಅರ್ಜಿ ಹಾಕಬಲ್ಲವರು ಹೀಗೆ ತಯಾರಾದರು. ಊರಿನಲ್ಲಿ ಅದರ ಉರಿಯೂ ಹೊತ್ತಿತು. ಮರಾಠವಾಡ ವಿಶ್ವವಿದ್ಯಾಲಯಕ್ಕೆ ಅಂಬೇಡ್ಕರ್ ಹೆಸರಿಡಲು 1978ರ ಜುಲೈ 27ರಂದು ವಿಧಾನಮಂಡಲ ನಿರ್ಣಯ ಮಾಡಿದ ಕೂಡಲೇ ಮರಾಠವಾಡದ ಹಳ್ಳಿಗಳಲ್ಲಿ ದಲಿತರ ಮನೆಗಳಿಗೆ ಬೆಂಕಿ ಬಿತ್ತು, ಜೀವಗಳು ಹೋದವು. ಹದಿನಾರು ವರ್ಷದ ಹೋರಾಟದ ಮೇಲೆ, 1994ರ ಜನವರಿ 14ರಂದು, ಡಾ. ಬಾಬಾಸಾಹೇಬ್ ಅಂಬೇಡ್ಕರ್ ಮರಾಠವಾಡ ವಿಶ್ವವಿದ್ಯಾಲಯ ಎಂಬ ಜೋಡಿ ಹೆಸರು ಬಂತು. ಇದನ್ನು ಕಂಡವರಿಗೆ 2016ರ ಮೂಕ ಮೆರವಣಿಗೆಯಲ್ಲಿ ದೌರ್ಜನ್ಯ ತಡೆ ಕಾಯ್ದೆಯ ಬಗ್ಗೆ ಎದ್ದ ಬೇಡಿಕೆ ಏಕೆ ಭಯ ಹುಟ್ಟಿಸಿತು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಬೌದ್ಧರಾದ ದಲಿತರಿಗೆ ಇನ್ನೊಂದು ಅಡ್ಡಿಯೂ ಇತ್ತು. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಹಿಂದೂಗಳು ಮಾತ್ರ ಪರಿಶಿಷ್ಟ ಜಾತಿಯವರು. 1956ರಲ್ಲಿ ಸಿಖ್ಖರು ಸೇರಿದರು. ಅದೇ ವರ್ಷ ಅಂಬೇಡ್ಕರ್ ಜೊತೆ ಬೌದ್ಧರಾದವರು ಹೊರಗುಳಿದರು. ಮಹಾರಾಷ್ಟ್ರ ಸರ್ಕಾರ ತನ್ನ ಮಟ್ಟದಲ್ಲಿ ಸೌಲಭ್ಯ ಮುಂದುವರಿಸಿತಾದರೂ ಕೇಂದ್ರದ ಬಾಗಿಲು ತೆರೆದದ್ದು 1990ರಲ್ಲಿ. ಕ್ರೈಸ್ತ ಮತ್ತು ಮುಸ್ಲಿಂ ದಲಿತರಿಗೆ ಅದು ಇನ್ನೂ ತೆರೆದಿಲ್ಲ.

ಮುಸ್ಲಿಮರ ಪ್ರಶ್ನೆಯನ್ನು ಸಂಭಾಜಿನಗರದಲ್ಲಿ ಬದಿಗೆ ಸರಿಸಲಾಗದು. ಜನಸಂಖ್ಯೆಯ ಸುಮಾರು ಮೂರನೇ ಒಂದು ಪಾಲು ಅವರೇ. ದೇಶದ ಮುಸ್ಲಿಮರ ಸ್ಥಿತಿಗತಿಯ ಬಗ್ಗೆ ಸಾಚಾರ್ ಸಮಿತಿ 2006ರಲ್ಲಿ ವರದಿ ಕೊಟ್ಟಿತ್ತು. ಮಹಾರಾಷ್ಟ್ರದ ಮಟ್ಟಿಗೆ ಮೆಹಮೂದುರ್ ರೆಹಮಾನ್ ಸಮಿತಿ 2013ರಲ್ಲಿ ವರದಿ ಕೊಟ್ಟಿತು. 2014ರ ಸುಗ್ರೀವಾಜ್ಞೆಯ ಶೇ 5 ಅದರ ಫಲ. ಹೈಕೋರ್ಟ್ ಮರಾಠಾ ಪಾಲಿಗೆ ತಡೆ ಕೊಟ್ಟ ಅದೇ ದಿನ ಮುಸ್ಲಿಮರ ಪಾಲನ್ನು ಶಿಕ್ಷಣದ ಮಟ್ಟಿಗೆ ಉಳಿಸಿತು. ಕೋರ್ಟಿನಲ್ಲಿ ಉಳಿದದ್ದು ಸರ್ಕಾರದ ಕೈಯಲ್ಲಿ ಉಳಿಯಲಿಲ್ಲ: ಹೊಸ ಸರ್ಕಾರ ಮರಾಠಾ ಪಾಲಿಗೆ ಕಾಯ್ದೆ ತಂದಿತು, ಮುಸ್ಲಿಮರ ಸುಗ್ರೀವಾಜ್ಞೆಯನ್ನು ಕಾಲ ಮುಗಿದು ಬಿದ್ದುಹೋಗಲು ಬಿಟ್ಟಿತು. ನ್ಯಾಯಾಲಯ ತಡೆದದ್ದನ್ನು ಮತ್ತೆ ಮತ್ತೆ ಕಾಯ್ದೆ ಮಾಡಿ, ಒಪ್ಪಿದ್ದನ್ನು ಕೈಬಿಟ್ಟ ಈ ನಡೆಗೆ ಕಾನೂನಿನಲ್ಲಿ ವಿವರಣೆ ಸಿಗುವುದಿಲ್ಲ. ಮತಗಳ ಲೆಕ್ಕದಲ್ಲಿ ಸಿಗುತ್ತದೆ. ಕರ್ನಾಟಕದಲ್ಲಿ 2023ರ ಮಾರ್ಚ್‌ನಲ್ಲಿ, ಚುನಾವಣೆಯ ಹೊಸ್ತಿಲಲ್ಲಿ, 2ಬಿಯ ಶೇ 4ನ್ನು ಮುಸ್ಲಿಮರಿಂದ ತೆಗೆದು ಒಕ್ಕಲಿಗ, ಲಿಂಗಾಯತ ಗುಂಪುಗಳಿಗೆ ಹಂಚಲು ಹೊರಟಾಗಲೂ ಸುಪ್ರೀಂ ಕೋರ್ಟ್ ಕಟುವಾಗಿ ಪ್ರಶ್ನಿಸಿತು. ಆ ಆದೇಶ ಜಾರಿಯಾಗಲಿಲ್ಲ.

ಇನ್ನು ಉಳಿದವರು ಹೊರಗಿನಿಂದ ಬಂದವರು. ವಾಳೂಜ್‌ನಂಥ ಊರು ನಿಂತಿರುವುದೇ ಬಂದವರ ಮೇಲೆ. ಇಲ್ಲಿ 1967ರ ಅಕ್ಟೋಬರ್ 13 ಎಂಬ ಆ ತಾರೀಖು ಮತ್ತೆ ಎದುರಾಗುತ್ತದೆ. ಮಹಾರಾಷ್ಟ್ರ ತನ್ನ ಹಿಂದುಳಿದ ವರ್ಗಗಳ ಪಟ್ಟಿಯನ್ನು ಹೊರಡಿಸಿದ ದಿನ ಅದು. ಆ ದಿನಕ್ಕೆ ಮೊದಲು ಕುಟುಂಬ ರಾಜ್ಯದಲ್ಲಿ ನೆಲೆಸಿತ್ತೆಂದು ತೋರಿಸಿದವರಿಗೆ ಮಾತ್ರ ಅಲ್ಲಿನ ಹಿಂದುಳಿದ ವರ್ಗದ ಸೌಲಭ್ಯ. ವಿಮುಕ್ತ ಮತ್ತು ಅಲೆಮಾರಿಗಳಿಗೆ 1961ರ ನವೆಂಬರ್ 21, ಪರಿಶಿಷ್ಟ ಜಾತಿಗೆ 1950ರ ಆಗಸ್ಟ್ 10, ಪಂಗಡಕ್ಕೆ 1950ರ ಸೆಪ್ಟೆಂಬರ್ 6. ವಾಳೂಜ್‌ನಲ್ಲಿ ಕಾರ್ಖಾನೆ ಎದ್ದದ್ದೇ 1980ರ ದಶಕದಲ್ಲಿ. ಕೆಲಸ ಹುಡುಕಿ ಬೇರೆ ರಾಜ್ಯದಿಂದ ಅಲ್ಲಿಗೆ ಬಂದ ಯಾವ ಕುಟುಂಬವೂ ಈ ತಾರೀಖುಗಳನ್ನು ದಾಟಲಾರದು.

ಕಲಬುರಗಿ ಕಡೆಯ ತಾಂಡಾದಿಂದ ಬಂದ ಲಂಬಾಣಿ ಕುಟುಂಬವನ್ನು ಉದಾಹರಣೆಗೆ ತೆಗೆದುಕೊಂಡರೆ ತೊಡಕು ಕಣ್ಣಿಗೆ ಕಟ್ಟುತ್ತದೆ. ಕರ್ನಾಟಕದಲ್ಲಿ ಲಂಬಾಣಿಗಳು ಪರಿಶಿಷ್ಟ ಜಾತಿ. ಮಹಾರಾಷ್ಟ್ರದಲ್ಲಿ ಅದೇ ಬಂಜಾರರು ವಿಮುಕ್ತ ಜಾತಿ, ಪಾಲು ಶೇ 3. ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ. ಮೂರೂ ಕಡೆಯ ಮೂಲ ಒಂದೇ ನಿಜಾಮ ಸಂಸ್ಥಾನ, ಭಾಷೆ ಒಂದೇ, ನಂಟಸ್ತಿಕೆಯೂ ಉಂಟು. ಹೈದರಾಬಾದ್ ಗೆಜೆಟಿಯರ್ ಮರಾಠರಿಗೆ ಪ್ರಮಾಣವಾಗುವುದಾದರೆ ನಮಗೂ ಆಗಲಿ, ಪರಿಶಿಷ್ಟ ಪಂಗಡಕ್ಕೆ ಸೇರಿಸಿ ಎಂದು 2025ರ ಸೆಪ್ಟೆಂಬರ್‌ನಲ್ಲಿ ಮರಾಠವಾಡದ ಬಂಜಾರರು ಮೆರವಣಿಗೆ ಹೊರಟದ್ದು ಈ ಕಾರಣಕ್ಕೆ. ಒಂದು ರಾಜ್ಯದ ಪರಿಶಿಷ್ಟ ಸ್ಥಾನ ಇನ್ನೊಂದು ರಾಜ್ಯಕ್ಕೆ ಜೊತೆಯಲ್ಲಿ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1990ರಲ್ಲೇ ಮರ್ರಿ ಚಂದ್ರಶೇಖರ ರಾವ್ ಪ್ರಕರಣದಲ್ಲಿ ಹೇಳಿದೆ. ಅದು ಆಂಧ್ರದ ಪಂಗಡವೊಂದರ ವಿದ್ಯಾರ್ಥಿ ಮುಂಬೈಯ ವೈದ್ಯಕೀಯ ಕಾಲೇಜಿನ ಮೀಸಲು ಸೀಟು ಕೇಳಿದ ಪ್ರಕರಣ. ಹಿಂದುಳಿದಿರುವಿಕೆ ಆಯಾ ನೆಲದ ಪರಿಸ್ಥಿತಿಗೆ ಅಂಟಿದ್ದು ಎಂಬುದು ಕೋರ್ಟಿನ ತರ್ಕ. ತರ್ಕ ಸರಿಯಾದದ್ದೇ. ಆದರೆ ಊರು ಬಿಟ್ಟ ಮಾತ್ರಕ್ಕೆ ಬಡತನವಾಗಲಿ ಜಾತಿಯ ಹಣೆಪಟ್ಟಿಯಾಗಲಿ ಕಳಚಿಬೀಳುವುದಿಲ್ಲ ಎಂಬುದು ಅದರ ಲೆಕ್ಕಕ್ಕೆ ಬಂದಂತೆ ಕಾಣುವುದಿಲ್ಲ.

ಇಂಥ ಕುಟುಂಬದ ಮಗುವಿಗೆ ತಂದೆಯ ಕರ್ನಾಟಕದ ಪತ್ರವನ್ನು ಆಧರಿಸಿ ವಲಸಿಗರ ಪ್ರಮಾಣಪತ್ರ ಸಿಗುತ್ತದೆ. ಅದು ರೈಲ್ವೆ, ಬ್ಯಾಂಕಿನಂಥ ಕೇಂದ್ರದ ನೇಮಕಾತಿಗೂ ಕೇಂದ್ರೀಯ ಸಂಸ್ಥೆಗಳಿಗೂ ಚಲಾವಣೆ. ಸಂಭಾಜಿನಗರದ ಸರ್ಕಾರಿ ಕಾಲೇಜಿನಲ್ಲಿ ಮಗು ಸಾಮಾನ್ಯ ವರ್ಗ. ತವರಿಗೆ ಮರಳಿ ಸಿಇಟಿಯಲ್ಲಿ ಸೀಟು ಕೇಳೋಣವೆಂದರೆ ಕರ್ನಾಟಕದಲ್ಲಿ ಏಳು ವರ್ಷ ಓದಿರಬೇಕೆಂಬುದು ಸಾಮಾನ್ಯ ನಿಯಮ. ಜತ್ತ, ಅಕ್ಕಲಕೋಟೆಯಂಥ ಗಡಿನಾಡಿನವರಿಗೂ ಹೊರನಾಡ ಕನ್ನಡಿಗರಿಗೂ ಬೇರೆ ಕಲಮುಗಳಿವೆ. ಅದಕ್ಕೆ ಕನ್ನಡ ಪರೀಕ್ಷೆ ಪಾಸಾಗಬೇಕು. ಮರಾಠಿ ಶಾಲೆಯಲ್ಲಿ ಓದಿದ, ಮನೆಯಲ್ಲಿ ಲಂಬಾಣಿ ಮಾತಾಡುವ ಮಗುವಿಗೆ ಅದು ಸುಲಭದ ಮಾತಲ್ಲ.

ಭಾಷಾ ಅಲ್ಪಸಂಖ್ಯಾತರಿಗೆ ಸಂವಿಧಾನ ಕೊಟ್ಟಿರುವ ರಕ್ಷಣೆ ಬೇರೆ ಬಗೆಯದು. 30ನೇ ವಿಧಿಯಡಿ ಅವರು ತಮ್ಮ ಶಿಕ್ಷಣ ಸಂಸ್ಥೆ ಕಟ್ಟಿ ನಡೆಸಬಹುದು. ಅಲ್ಪಸಂಖ್ಯಾತರು ಯಾರೆಂಬುದನ್ನು ರಾಜ್ಯವನ್ನೇ ಘಟಕವಾಗಿಟ್ಟು ಅಳೆಯಬೇಕೆಂದು 2002ರ ಟಿ.ಎಂ.ಎ. ಪೈ ತೀರ್ಪು ಹೇಳಿದೆ. ಮಣಿಪಾಲದ ಪೈ ಮನೆತನದ ಹೆಸರಿನ ಸಂಸ್ಥೆಯಿಂದ ಬಂದ ಪ್ರಕರಣವಿದು. ಹೀಗಾಗಿ ಕನ್ನಡಿಗರು ಮಹಾರಾಷ್ಟ್ರದಲ್ಲಿ ಅಲ್ಪಸಂಖ್ಯಾತರು, ಮರಾಠಿಗರು ಕರ್ನಾಟಕದಲ್ಲಿ. ಮುಂಬೈಯ ವಡಾಲಾದಲ್ಲಿ ನ್ಯಾಷನಲ್ ಕನ್ನಡ ಎಜುಕೇಷನ್ ಸೊಸೈಟಿಯ ಶಾಲೆಯಿದೆ. ಸೊಲ್ಲಾಪುರ ಜಿಲ್ಲೆಯ ಗಡಿ ಹಳ್ಳಿಗಳಲ್ಲಿ ಕನ್ನಡ ಶಾಲೆಗಳಿವೆ. ಒಂದು ಕಡೆ ನೆಲೆ ನಿಂತ, ಕೈಯಲ್ಲಿ ನಾಲ್ಕು ಕಾಸಿರುವ ಸಮುದಾಯಕ್ಕೆ ಈ ಹಕ್ಕು ದಕ್ಕುತ್ತದೆ. ಬಾಡಿಗೆ ಕೋಣೆಯಲ್ಲಿದ್ದು ಪಾಳಿ ಬದಲಾದಂತೆ ಕಂಪನಿ ಬದಲಿಸುವವರು ಶಾಲೆ ಕಟ್ಟುವ ಮಾತು ದೂರ.

ಕೊನೆಗೆ ಕಾರ್ಖಾನೆಯ ಗೇಟು. ಖಾಸಗಿ ವಲಯದಲ್ಲಿ ಜಾತಿ ಮೀಸಲಾತಿಯಿಲ್ಲ. ಸ್ಥಳೀಯರಿಗೆ ಶೇ 80 ಕೆಲಸ ಎಂಬ ನೀತಿ ಮಹಾರಾಷ್ಟ್ರದಲ್ಲಿ ದಶಕಗಳಿಂದ ಇದೆ. ಅದು ರಿಯಾಯಿತಿ ಪಡೆಯುವ ಉದ್ದಿಮೆಗೆ ಹಾಕುವ ಷರತ್ತಾಗಿ ಇದೆಯೇ ಹೊರತು ಹುದ್ದೆ ತಪ್ಪಿದವನು ಕೋರ್ಟಿಗೆ ಹೋಗಬಲ್ಲ ಹಕ್ಕಾಗಿ ಇಲ್ಲ. ಸ್ಥಳೀಯ ಎನಿಸಿಕೊಳ್ಳಲು ಅಲ್ಲಿ ಹದಿನೈದು ವರ್ಷದ ವಾಸ ಸಾಕು. ವಾಳೂಜ್‌ನಲ್ಲಿ ಬೆಳೆದ ಕಲಬುರಗಿ ಮೂಲದ ಹುಡುಗ ಹೀಗೆ ಕಾರ್ಖಾನೆಗೆ ಸ್ಥಳೀಯ, ಜಾತಿ ಪತ್ರಕ್ಕೆ ಪರಕೀಯ. ಕರ್ನಾಟಕದಲ್ಲಿ ಸರೋಜಿನಿ ಮಹಿಷಿ ಸಮಿತಿ 1986ರಲ್ಲಿ ಕನ್ನಡಿಗರ ಉದ್ಯೋಗದ ಬಗ್ಗೆ ವರದಿ ಕೊಟ್ಟಾಗಿನಿಂದ ಇದೇ ಬೇಡಿಕೆ ಜೀವಂತ. 2024ರ ಜುಲೈನಲ್ಲಿ ಆಡಳಿತ ಹುದ್ದೆಗಳಲ್ಲಿ ಶೇ 50, ಉಳಿದವುಗಳಲ್ಲಿ 70 ಸ್ಥಳೀಯರಿಗೆ ಎಂಬ ಮಸೂದೆಯನ್ನು ಸಚಿವ ಸಂಪುಟ ಒಪ್ಪಿ, ಉದ್ಯಮಿಗಳು ಕೂಗೆಬ್ಬಿಸಿದ ಕೂಡಲೇ ತಡೆಹಿಡಿಯಿತು. ಹರಿಯಾಣದ ಶೇ 75ರ ಕಾಯ್ದೆಯನ್ನು ಅಲ್ಲಿನ ಹೈಕೋರ್ಟ್ 2023ರ ನವೆಂಬರ್‌ನಲ್ಲಿ ರದ್ದು ಮಾಡಿದೆ.

ವಾಳೂಜ್‌ನ ದೊಡ್ಡ ಕಾರ್ಖಾನೆಗಳಲ್ಲೂ ಕಾಯಂ ಕಾರ್ಮಿಕರ ಪಕ್ಕದಲ್ಲಿ ಅದೇ ಯಂತ್ರ ನಡೆಸುವ ಗುತ್ತಿಗೆಯವರು, ತರಬೇತಿಯ ಹೆಸರಿನ ಹುಡುಗರು ಇರುತ್ತಾರೆ. ಅವರನ್ನು ತರುವವನು ಗುತ್ತಿಗೆದಾರ. ಆತ ತರುವುದು ತನ್ನ ಊರಿನವರನ್ನು, ತನ್ನ ಗುರುತಿನವರನ್ನು. ಯಾವ ಜಾತಿಯ, ಯಾವ ಧರ್ಮದ, ಯಾವ ಜಿಲ್ಲೆಯ ಎಷ್ಟು ಜನ ಒಳಗಿದ್ದಾರೆ, ಯಾರು ಕಾಯಂ ಆದರು, ಯಾರನ್ನು ಎರಡು ಹಬ್ಬದ ನಡುವೆ ಮನೆಗೆ ಕಳಿಸಿದರು ಎಂಬುದನ್ನು ಬರೆದಿಡಬೇಕೆಂಬ ನಿಯಮವಿಲ್ಲ. ಖಾಸಗಿ ಮೀಸಲಾತಿಯ ಮಾತು ಕೇಂದ್ರದಲ್ಲಿ ಎದ್ದಾಗ ಉದ್ಯಮಿಗಳ ಸಂಘಟನೆಗಳು ಸ್ವಯಂಪ್ರೇರಿತ ನೀತಿಸಂಹಿತೆಯೊಂದನ್ನು ಒಪ್ಪಿಕೊಂಡವು. ಅದನ್ನು ಪಾಲಿಸದಿದ್ದರೆ ದಂಡವಿಲ್ಲ. ಸರ್ಕಾರಿ ಹುದ್ದೆಯ ವಿಷಯದಲ್ಲಿ ಕೋರ್ಟುಗಳು ಅಂಕಿ ಅಂಶ ಎಲ್ಲಿ ಎಂದು ಪ್ರತಿ ಬಾರಿ ಕೇಳುತ್ತವೆ. ಇಲ್ಲಿ ಕೇಳುವವರೂ ಇಲ್ಲ, ಹೇಳಲು ಅಂಕಿಯೂ ಇಲ್ಲ.

ಮರಾಠರಿಗೆ ಶೇ 10 ಕೊಟ್ಟ 2024ರ ಕಾಯ್ದೆ ಬಾಂಬೆ ಹೈಕೋರ್ಟಿನ ಪರೀಕ್ಷೆಗೆ ಒಳಪಟ್ಟಿದೆ. ಹೈದರಾಬಾದ್ ಗೆಜೆಟಿಯರ್ ಆದೇಶವನ್ನೂ ಹಿಂದುಳಿದ ವರ್ಗಗಳ ಸಂಘಟನೆಗಳು ಕೋರ್ಟಿಗೆ ಒಯ್ದಿವೆ. 2027ರ ಜನಗಣತಿಯಲ್ಲಿ ಜಾತಿಯನ್ನೂ ಎಣಿಸುವುದಾಗಿ ಕೇಂದ್ರ ಸರ್ಕಾರ 2025ರ ಏಪ್ರಿಲ್ 30ರಂದು ಪ್ರಕಟಿಸಿದೆ. ಮಹಾರಾಷ್ಟ್ರದಲ್ಲಿ ಮರಾಠರೆಷ್ಟು, ಕುಣಬಿಗಳೆಷ್ಟು ಎಂಬ ವಾದಕ್ಕೆ ಅದರಿಂದ ಒಂದು ಸಂಖ್ಯೆ ಸಿಗಬಹುದು. ಕಾರ್ಖಾನೆಗಳ ಹಾಜರಿ ಪುಸ್ತಕದಲ್ಲಿ ಯಾರ ಪಾಲೆಷ್ಟು ಎಂಬುದು ಆ ಗಣತಿಯ ವ್ಯಾಪ್ತಿಗೆ ಬರುವುದಿಲ್ಲ.